ಬೋರ್ಡಿಗೊಂದು ನಂಬರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓಡಾಡುವ, ನಾಡಿ ನೋಡುವ, ಬೇಕಾದಾಗ ಬೈಯುವ ಒಬ್ಬ ಜೀವಂತ ಡಾಕ್ಟರನ್ನು 'ಇಂಥವರು ಯಾರೂ ಇಲ್ಲ' ಎಂದು ಬರೆದು, ಕೆಳಗೆ ದಸ್ಕತ್ತು ಹಾಕಿ ಫೈಲಿಗೆ ಸೇರಿಸಿದವನು ನಾನು. ಅಷ್ಟು ಸಾಲದೆಂದು, ಆ ತಪ್ಪಿನ ವಿಚಾರಣೆಗೆ ರಾಯಚೂರಿನಿಂದ ಫೋನು ಬಂದಾಗ ನಮ್ಮ ಮ್ಯಾನೇಜರ ಧ್ವನಿಯಲ್ಲಿ ಉತ್ತರ ಕೊಟ್ಟವನೂ ನಾನೇ. ಎರಡರಲ್ಲಿ ಯಾವುದು ದೊಡ್ಡ ದಡ್ಡತನ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಮೊದಲನೆಯದನ್ನು ಸಂಬಳಕ್ಕೆ ಮಾಡಿದೆ, ಎರಡನೆಯದನ್ನು ಚಟಕ್ಕೆ.

ಚಟದ ವಿಷಯ ಹೇಳಿಬಿಡುವುದು ಒಳ್ಳೆಯದು. ಚಿಕ್ಕಂದಿನಿಂದ ಯಾರ ಮಾತು ಕಿವಿಗೆ ಬಿದ್ದರೂ ಅದು ಮರುದಿನ ನನ್ನ ಬಾಯಿಂದ ಬರುತ್ತಿತ್ತು. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಗೊರೇಬಾಳ, ದಢೇಸುಗೂರು ಎಂದು ಕೂಗುವ ಏಜೆಂಟನ ಧ್ವನಿ ತೆಗೆದು ಒಮ್ಮೆ ನಾಲ್ಕು ಜನರನ್ನು ಬೇರೆ ಬಸ್ಸು ಹತ್ತಿಸಿದ್ದೆ. ಸೋದರಮಾವನಂತೆ ಕೆಮ್ಮಿ ಅತ್ತೆಯಿಂದ ಚಹಾ ತರಿಸಿಕೊಂಡಿದ್ದೆ. ಎಲ್ಲರ ಧ್ವನಿ ಬರುತ್ತದಲ್ಲ, ನನ್ನದು ಹೇಗಿದೆ ಎಂದು ಅವ್ವನನ್ನು ಕೇಳಿದರೆ, ಬಾವಿ ರಾಟಿಗೆ ಎಣ್ಣೆ ಹಾಕದಿದ್ದರೆ ಹೇಗಿರುತ್ತದೋ ಹಾಗೆ ಎನ್ನುತ್ತಿದ್ದಳು. ಅದಕ್ಕೇ ಇರಬೇಕು, ನಾನು ಸ್ವಂತ ಧ್ವನಿಯನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಊರಲ್ಲಿ ಅಂಗಿ ಇಸ್ತ್ರಿ ಮಾಡಿಕೊಂಡು ತಿರುಗುತ್ತಿದ್ದೆ. ಅಷ್ಟರಲ್ಲಿ ಒಂದು ಆರೋಗ್ಯ ನಿಧಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸಿಂಧನೂರಿನ ಅಕ್ಕಿ ಗಿರಣಿಗಳವರೂ ಮಸ್ಕಿ, ಲಿಂಗಸುಗೂರು ಕಡೆಯ ಹತ್ತಿ ಜಿನ್ನಿಂಗ್ ಗಿರಣಿಗಳವರೂ ಸೇರಿ ತಮ್ಮ ಹಮಾಲರಿಗೆ, ಕೆಲಸಗಾರರಿಗೆ ಎಂದು ಕಟ್ಟಿಕೊಂಡಿದ್ದ ನಿಧಿ ಅದು. ಕೆಲಸಗಾರನ ಹತ್ತಿರ ಒಂದು ಕಾರ್ಡು ಇರುತ್ತಿತ್ತು. ಅವನಾಗಲಿ, ಹೆಂಡತಿ ಮಕ್ಕಳಾಗಲಿ ಡಾಕ್ಟರ ಹತ್ತಿರ ಹೋಗಿ ಕಾರ್ಡು ತೋರಿಸಿದರೆ ಆಯಿತು. ಏನು ಜಡ್ಡು, ಏನು ಮಾಡಿದೆ ಎಂದು ಡಾಕ್ಟರು ಗುಲಾಬಿ ಬಣ್ಣದ ಬಿಲ್ಲಿನ ಮೇಲೆ ಬರೆದು ನಮಗೆ ಕಳಿಸುತ್ತಿದ್ದರು. ರಾಯಚೂರಿನ ಮುಖ್ಯ ಆಫೀಸು ಅದನ್ನು ಪಾಸು ಮಾಡುತ್ತಿತ್ತು.

ಮೂರು ಊರಿಗೆ ಮೂರು ಆಫೀಸು, ಮೂರು ರಿಜಿಸ್ಟರು. ಡಾಕ್ಟರ ಹೆಸರನ್ನು ಪ್ರತಿ ಸಲ ಬರೆಯುವ ತ್ರಾಸು ತಪ್ಪಲಿ ಎಂದು ಹಿಂದೆ ಯಾವನೋ ಗುಮಾಸ್ತ ಒಂದೊಂದು ಊರಲ್ಲೂ ಡಾಕ್ಟರಿಗೆ ನಂಬರು ಹಾಕಿಟ್ಟಿದ್ದ. ಹಾಕಿದ್ದು ಹೇಗೆಂದರೆ, ಸೈಕಲ್ ಮೇಲೆ ಊರು ಸುತ್ತಿ, ದವಾಖಾನೆಯ ಬೋರ್ಡು ಕಂಡಲ್ಲಿ ಇಳಿದು. ಬಸ್ ಸ್ಟ್ಯಾಂಡಿಗೆ ಹತ್ತಿರದ ಬೋರ್ಡು ಒಂದು, ಅದರ ಆಚೆಯದು ಎರಡು, ಓಣಿ ತಿರುಗಿದರೆ ಮೂರು. ಬೋರ್ಡಿನ ಹಿಂದೆ ಯಾರು ಕೂತಿದ್ದಾರೆ ಎಂದು ಅವನು ಬಗ್ಗಿ ನೋಡಿರಲಿಲ್ಲ. ಹೀಗಾಗಿ ಸಿಂಧನೂರಿನ ಐದನೆಯ ನಂಬರು ಹಲ್ಲಿನ ಡಾಕ್ಟರು, ಮಸ್ಕಿಯ ಐದನೆಯ ನಂಬರು ಮಕ್ಕಳ ಡಾಕ್ಟರು, ಲಿಂಗಸುಗೂರಿನ ಐದನೆಯ ನಂಬರು ತೀರಿಕೊಂಡು ಬೋರ್ಡು ಮಾತ್ರ ಉಳಿಸಿಹೋದ ಒಬ್ಬ ಹಿರಿಯರು. ಒಂದು ಊರಿನ ರಿಜಿಸ್ಟರನ್ನು ಇನ್ನೊಂದು ಊರಿನದರ ಪಕ್ಕದಲ್ಲಿಟ್ಟು ನೋಡುವ ಪ್ರಸಂಗವೇ ಬಂದಿರಲಿಲ್ಲವಾದ್ದರಿಂದ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಆಮೇಲೆ ಕಂಪ್ಯೂಟರು ಬಂತು. ಅದಕ್ಕಾಗಿ ಸಿಂಧನೂರು ಆಫೀಸಿನ ಒಂದು ಮೂಲೆಗೆ ಹೊಸ ಪರದೆ, ಹೊಸ ಫ್ಯಾನು, ಚಪ್ಪಲಿ ಹೊರಗೆ ಬಿಡಬೇಕೆಂಬ ಕಾನೂನು ಬಂದವು. ನಮ್ಮ ಮ್ಯಾನೇಜರಿಗೆ ಆ ಮೂಲೆಯ ಮೇಲೆ ಎಷ್ಟು ಭಕ್ತಿಯೆಂದರೆ, ಬಾಯಲ್ಲಿ ತಂಬಾಕು ಇದ್ದಾಗ ಅವರು ಕಂಪ್ಯೂಟರಿನ ಕಡೆ ಮುಖ ಮಾಡಿ ಮಾತಾಡುತ್ತಿರಲಿಲ್ಲ. ಇನ್ನು ಮೇಲೆ ಮೂರೂ ಊರಿನ ಬಿಲ್ಲುಗಳನ್ನು ಅದರಲ್ಲಿ ತುಂಬಿ ಫ್ಲಾಪಿಯಲ್ಲಿ ರಾಯಚೂರಿಗೆ ಕಳಿಸಬೇಕೆಂದಾಯಿತು. ನಾನು ಫ್ಲಾಪಿಯನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ಮೇಲೆ ಕರವಸ್ತ್ರ ಕಟ್ಟಿ, ಪರಿಚಯದ ಕಂಡಕ್ಟರರ ಕೈಗೆ ಕೊಡುತ್ತಿದ್ದೆ. ಮೊದಲ ಸಲ ಅವರು ಡಬ್ಬಿ ಅಲ್ಲಾಡಿಸಿ ನೋಡಿ, ಇಷ್ಟು ಹಗುರ ಅದ, ಒಂದೇ ರೊಟ್ಟಿ ಕಳಸ್ತೀರೇನು ಎಂದು ಕೇಳಿದ್ದರು.

ಕಂಪ್ಯೂಟರಿನ ಹಿಂದೆಯೇ ಒಂದು ಆದೇಶ ಬಂತು. ಊರೂರಿನ ಹಳೆಯ ನಂಬರುಗಳು ರದ್ದು. ಇನ್ನು ಮೇಲೆ ಡಾಕ್ಟರಿಗೊಂದೇ ನಂಬರು, ಆರಂಕಿಯದು. ಅವರು ಯಾವ ಊರಲ್ಲಿ ಕೂತರೂ ಅದೇ, ಎಷ್ಟು ಬೋರ್ಡು ಹಾಕಿದರೂ ಅದೇ. ಪ್ರತಿಯೊಬ್ಬರಿಂದ ರಜಿಸ್ಟ್ರೇಶನ್ ಸರ್ಟಿಫಿಕೇಟಿನ ಪ್ರತಿ ತರಿಸಿ, ಹಳೆಯ ನಂಬರುಗಳ ಎದುರಿಗೆ ಹೊಸದನ್ನು ಬರೆದು ಪಟ್ಟಿ ಕಳಿಸಬೇಕು. ಒಬ್ಬ ವ್ಯಕ್ತಿಗೆ ಎರಡು ನಂಬರು ಬಿದ್ದರೆ ಪಟ್ಟಿ ಮಾಡಿದವರೇ ಜವಾಬ್ದಾರರು. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಅದನ್ನು ಓದಿದ ಮೇಲೆ ನನಗೆ ರಾತ್ರಿ ಹಗಲು ಒಂದೇ ಹೆದರಿಕೆ: ಒಬ್ಬರಿಗೆ ಎರಡು ಬೀಳಬಾರದು. ಇಬ್ಬರಿಗೆ ಒಂದು ಬೀಳಬಹುದೆಂಬ ವಿಚಾರ ಆದೇಶ ಬರೆದವರಿಗೂ ಬಂದಿರಲಿಲ್ಲ, ನನಗೂ ಬರಲಿಲ್ಲ.

ಮೂರೂ ಊರು ತಿರುಗಿದೆ. ಆ ತಿರುಗಾಟದ ಸುಖ ನೆನೆದರೆ ಈಗಲೂ ನಗು ಬರುತ್ತದೆ. ಲಿಂಗಸುಗೂರಿನ ಒಬ್ಬ ಡಾಕ್ಟರು ನಾನು ಬಾಗಿಲಲ್ಲಿ ನಿಂತದ್ದೇ ತಡ, ತಲೆ ಎತ್ತದೆ ನಾಲಗೆ ತೋರಿಸು ಎಂದರು, ನಾನು ತೋರಿಸಿದೆ, ಚೀಟಿ ಬರೆದರು, ಆಮೇಲೆ ಬಂದ ಕೆಲಸ ಹೇಳಿದೆ. ಸಿಂಧನೂರಿನ ಇನ್ನೊಬ್ಬರು ತಮ್ಮ ಹೊಸ ನಂಬರಿನ ಅಂಕಿಗಳನ್ನು ಕೂಡಿಸಿದರೆ ಎಂಟು ಬರುತ್ತದೆ, ಎಂಟು ತಮಗೆ ಆಗಿಬರುವುದಿಲ್ಲ ಎಂದು ಹಟ ಹಿಡಿದರು. ವಿಜ್ಞಾನ ಓದಿದವರು ನೀವು ಎನ್ನಬೇಕೆಂದಿದ್ದೆ, ಅವರ ಟೇಬಲ್ಲಿನ ಮೇಲಿದ್ದ ನಿಂಬೆಹಣ್ಣು ನೋಡಿ ಸುಮ್ಮನಾದೆ. ಇನ್ನೊಬ್ಬರಿಗೆ ತಮ್ಮ ಸ್ಕೂಟರಿನ ನಂಬರೇ ಬೇಕಿತ್ತು. ಸಂಜೆ ಆಫೀಸಿಗೆ ಬಂದು ಇವರನ್ನೆಲ್ಲ ಒಬ್ಬೊಬ್ಬರಾಗಿ ಮಾಡಿ ತೋರಿಸುತ್ತಿದ್ದೆ. ಮ್ಯಾನೇಜರು ಕಂಪ್ಯೂಟರಿನ ಕಡೆ ಬೆನ್ನು ಮಾಡಿ ನಗುತ್ತಿದ್ದರು.

ಸಿಂಧನೂರಿನ ಒಂದು ದವಾಖಾನೆಯಿಂದ ಕಂಪೌಂಡರು ಒಂದು ಲಕೋಟೆ ತಂದುಕೊಟ್ಟು ಹೋದ. ಒಳಗೆ ಎರಡು ಸರ್ಟಿಫಿಕೇಟಿನ ಪ್ರತಿಗಳಿದ್ದವು. ಒಂದು ಅಲ್ಲಿಯ ಡಾಕ್ಟರದು. ಜ್ವರ, ಸಕ್ಕರೆ ಕಾಯಿಲೆ, ಎದೆನೋವು ನೋಡುವವರು, ಮೆತ್ತನೆಯ ಮನುಷ್ಯ. ಅವರ ಹೆಸರಿನ ಬೋರ್ಡು ಸಿಂಧನೂರಿನಲ್ಲಿತ್ತು, ಲಿಂಗಸುಗೂರಿನಲ್ಲಿತ್ತು, ಮಸ್ಕಿಯಲ್ಲೂ ಇತ್ತು. ಮೂರು ಊರಲ್ಲಿ ಮೂರು ಹಳೆಯ ನಂಬರು. ಮೂರನ್ನೂ ಒಂದು ಮಾಡಿದೆ. ಆದೇಶ ಬರೆದವರು ಇಂಥದನ್ನೇ ಬಯಸಿದ್ದರು ಎಂದು ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

ಇನ್ನೊಂದು ಸರ್ಟಿಫಿಕೇಟು ಒಬ್ಬ ಹೆಣ್ಣುಮಗಳದು. ಹೆಸರು, ತಂದೆಯ ಹೆಸರು, ಬೀದರ ಕಡೆಯ ಒಂದು ಊರು. ಆ ಹೆಸರಿನ ಬೋರ್ಡು ಮೂರೂ ಊರಲ್ಲಿ ಎಲ್ಲೂ ಇರಲಿಲ್ಲ. ಮಸ್ಕಿಯ ಔಷಧದ ಅಂಗಡಿಯಲ್ಲಿ ಕೇಳಿದೆ, ಕೇಳಿಲ್ಲ ಎಂದರು. ಲಿಂಗಸುಗೂರು ಆಫೀಸಿನ ಗುಮಾಸ್ತರನ್ನು ಕೇಳಿದೆ; ಅವರಿಗೆ ಹಿಂದೆ ಬಂದು ಬಿಟ್ಟುಹೋದ ಡಾಕ್ಟರುಗಳೂ ಬಾಯಿಪಾಠ, ಈ ಹೆಸರು ಮಾತ್ರ ಗೊತ್ತಿರಲಿಲ್ಲ. ಕಡೆಗೆ ಊಟಕ್ಕೆ ಕೂತಾಗ ಅವ್ವನನ್ನೂ ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಯಾರ ಮನಿ ಹೆಣ್ಮಗಳೋ ಏನೋ, ಈ ಕಡೆಯವಳಲ್ಲ ಎಂದಳು. ಕಂಪೌಂಡರು ಬೇರೆ ಯಾರದೋ ಕಾಗದವನ್ನು ತಪ್ಪಿ ಸೇರಿಸಿದ್ದಾನೆ ಎಂದುಕೊಂಡು, 'ಇಂಥವರು ಯಾರೂ ಇಲ್ಲ' ಎಂದು ಬರೆದು ದಸ್ಕತ್ತು ಹಾಕಿದೆ. ಅವನನ್ನೇ ಕರೆಸಿ ಕೇಳಬಹುದಿತ್ತು. ಕೇಳಲಿಲ್ಲ. ಆ ದಿನ ಅವನ ಮೂಗಿನ ಮಾತನ್ನು ಅನುಕರಿಸುವುದರಲ್ಲಿ ಮಗ್ನನಾಗಿದ್ದೆ.

ಆ ಡಾಕ್ಟರ ಮನೆಯಲ್ಲಿ ಡಾಕ್ಟರಮ್ಮ ಎಂಬವರೊಬ್ಬರು ಇದ್ದಾರೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನ್ನ ಅಕ್ಕನ ಎರಡೂ ಹೆರಿಗೆ ಮಾಡಿಸಿದವರು ಅವರು. ಮೊದಲನೆಯದರಲ್ಲಿ ನಾನು ಹೊರಗೆ ಬೆಂಚಿನ ಮೇಲೆ ಕೂತು ಅಕ್ಕನಂತೆ ನರಳಿ ಬಾವನನ್ನು ಹೆದರಿಸಿದ್ದಕ್ಕೆ ಬಾಗಿಲು ತೆರೆದು ಬೈದವರೂ ಅವರೇ. ವಾರದಲ್ಲಿ ಬಹಳ ದಿನ ಅವರು ಮಸ್ಕಿಯಲ್ಲಿ ಹೆರಿಗೆ ಮಾಡಿಸುತ್ತಾರೆ ಎನ್ನುವುದೂ ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಮಸ್ಕಿಯಲ್ಲಿದ್ದ ಬೋರ್ಡು ಗಂಡನ ಹೆಸರಿನದು. ಸಿಂಧನೂರಿನ ಬೋರ್ಡು ಬರೆದ ಪೇಂಟರನಿಗೇ ಅದನ್ನೂ ಹೇಳಿದ್ದರು, ಅವನು ಮೊದಲಿನದನ್ನೇ ನೋಡಿ ಬರೆದಿದ್ದ. ಬಿಲ್ ಪುಸ್ತಕ ಅಚ್ಚು ಹಾಕಿದ ಪ್ರೆಸ್ಸಿನವನೂ ಜೋಡಿಸಿದ್ದ ಅದೇ ಅಚ್ಚಿನ ಮೊಳೆಗಳಿಂದ ಇನ್ನೊಂದಿಷ್ಟು ಒತ್ತಿಕೊಟ್ಟಿದ್ದ. ಇನ್ನು ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಗಂಡನ ಮನೆಯವರು ಬೇರೆ ಹೆಸರು ಇಡುತ್ತಾರೆ. ಅತ್ತೆ ಮನೆಯಲ್ಲಿ ಅವರಿಗೆ ಇಟ್ಟ ಹೆಸರು ಒಂದು, ಸರ್ಟಿಫಿಕೇಟಿನಲ್ಲಿದ್ದ ತವರಿನ ಹೆಸರು ಇನ್ನೊಂದು, ಊರಿನ ಬಾಯಲ್ಲಿ ಎರಡೂ ಇಲ್ಲ, ಡಾಕ್ಟರಮ್ಮ ಅಷ್ಟೆ. ಇದೆಲ್ಲವೂ ಬಿಡಿಬಿಡಿಯಾಗಿ ನನಗೆ ತಿಳಿದಿತ್ತು. ಜೋಡಿಸಿ ನೋಡಲು ತಲೆ ಬೇಕಿತ್ತು.

ಹೊಸ ನಂಬರಿನಲ್ಲಿ ಮೊದಲ ಫ್ಲಾಪಿ ರಾಯಚೂರಿಗೆ ಹೋಯಿತು. ಕೆಲವು ದಿನ ಬಿಟ್ಟು ಮಧ್ಯಾಹ್ನ ಫೋನು ರಿಂಗಾಯಿತು. ಮ್ಯಾನೇಜರು ಚಹಾ ಕುಡಿಯಲು ಹೊರಗೆ ಹೋಗಿದ್ದರು. ಮುಖ್ಯ ಆಫೀಸಿನ ಅಧಿಕಾರಿಯೊಬ್ಬರು ಮ್ಯಾನೇಜರ್ ಸಾಹೇಬರನ್ನು ಕೊಡಿ ಎಂದರು. ಇಲ್ಲ ಎಂದು ಹೇಳುವುದು ಎಷ್ಟು ಸುಲಭವಿತ್ತು. ನಾನು ನಾಲಗೆಯನ್ನು ಎಡದವಡೆಗೆ ಒತ್ತಿ, ಅಲ್ಲಿ ತಂಬಾಕು ಇರುವಂತೆ ಮಾಡಿಕೊಂಡು, ಗಂಟಲನ್ನು ಎರಡು ಸಲ ಸರಿಮಾಡಿ, ನಾನೇ ಮಾತಾಡೋದು ಹೇಳ್ರಿ ಎಂದೆ.

ಅವರ ಪ್ರಶ್ನೆ ಸರಳವಾಗಿತ್ತು. ನಿಮ್ಮ ಪಟ್ಟಿಯ ಇಂಥ ನಂಬರಿನ ಡಾಕ್ಟರು ಮಸ್ಕಿ ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಲಿಂಗಸುಗೂರಿನಲ್ಲಿ ಜ್ವರದ ರೋಗಿಗಳನ್ನು ನೋಡಿದ್ದಾರೆ. ಅದೇ ದಿನ, ಅದೇ ಹೊತ್ತಿನಲ್ಲಿ, ಮಸ್ಕಿಯಲ್ಲಿ ಎರಡು ಹೆರಿಗೆ ಮಾಡಿಸಿದ್ದಾರೆ. ಒಬ್ಬ ಮನುಷ್ಯನಿಗೆ ಇದು ಹೇಗೆ ಸಾಧ್ಯ?

ನನಗೆ ಆಗಲಾದರೂ ಹೊಳೆಯಬೇಕಿತ್ತು. ಆದರೆ ಬಾಯಲ್ಲಿ ಮ್ಯಾನೇಜರು ಕೂತಿದ್ದರು, ಅವರು ಕೆಳಗೆ ಇಳಿಯಲೊಲ್ಲರು.

"ಏನ್ ಕೇಳ್ತೀರಿ ಸಾಹೇಬ್ರ," ಎಂದೆ. "ಆ ಡಾಕ್ಟ್ರು ಭಾಳ ಚುರುಕು. ಮೋಟರ್ ಸೈಕಲ್ ಹತ್ತಿದ್ರಂದ್ರ ಲಿಂಗಸುಗೂರಾಗ ಸೂಜಿ ಚುಚ್ಚಿ, ರೋಗಿ ಅವ್ವಾ ಅನ್ನೂದ್ರಾಗ ಮಸ್ಕ್ಯಾಗ ಇರ್ತಾರ."

ಆ ಕಡೆಯಿಂದ ನಗು ಬರಲಿಲ್ಲ. ಪೆನ್ನಿನ ಸದ್ದು ಬಂತು. ಬರೆದುಕೊಂಡೆ ಎಂದು ಹೇಳಿ ಫೋನು ಇಟ್ಟರು.

ವಾರದೊಳಗೆ ಕಾಗದ ಬಂತು. ಸದರಿ ನಂಬರಿನಲ್ಲಿ ಸುಳ್ಳು ಬಿಲ್ಲುಗಳ ಅನುಮಾನವಿದ್ದು, ಕೇಳಿದ್ದಕ್ಕೆ ಮ್ಯಾನೇಜರರು ಕೊಟ್ಟ ವಿವರಣೆ ಸಮಾಧಾನಕರವಾಗಿಲ್ಲದ ಕಾರಣ, ವಿಚಾರಣೆ ಮುಗಿಯುವವರೆಗೆ ಆ ನಂಬರನ್ನು ತಡೆಹಿಡಿಯಲಾಗಿದೆ. ಅಲ್ಲಿಯವರೆಗೆ ಅದರ ಮೇಲೆ ಯಾವ ಕಾರ್ಡೂ ನಡೆಯುವುದಿಲ್ಲ. ಮ್ಯಾನೇಜರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ನಾನು ಯಾವಾಗ ಯಾವ ವಿವರಣೆ ಕೊಟ್ಟೆ ಎಂದು ತಮ್ಮನ್ನೇ ಕೇಳಿಕೊಂಡರು. ನಾನು ಪ್ರಿಂಟರಿನ ರಿಬ್ಬನ್ನು ಬದಲಿಸತೊಡಗಿದೆ. ಬದಲಿಸುವ ಅಗತ್ಯವಿರಲಿಲ್ಲ. ಮಸ್ಕಿಗೆ ಹೋಗಿ ಹಕೀಕತ್ತು ಏನೆಂದು ನೋಡಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು.

ಸಂತೆಯ ದಿನ ಹೋದೆ. ಎರಡು ಕೋಣೆಯ ದವಾಖಾನೆ. ಬೋರ್ಡಿನ ಮೇಲೆ ಗಂಡನ ಹೆಸರು. ಕಟ್ಟೆಯ ಮೇಲೆ, ಒಳಗೆ, ಹೊರಗೆ ಬರೀ ಹೆಂಗಸರು. ಗಂಡಸೆಂದರೆ ನಾನೊಬ್ಬ ಮತ್ತು ಮೊಮ್ಮಗನಿಗೆ ಟೋಪಿ ಹಾಕಲು ಹೆಣಗುತ್ತಿದ್ದ ಒಬ್ಬ ಮುದುಕ. ಒಳಗಿನಿಂದ ಕೂಸಿನ ಅಳು ಕೇಳಿತು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ನಲ್ಲಿಯ ಕೆಳಗೆ ಮೊಳಕೈವರೆಗೆ ಕೈ ತೊಳೆದುಕೊಳ್ಳುತ್ತ, ಯಾರ ಕಡೆಯವನಪ್ಪಾ ಎಂದು ಕೇಳಿದರು. ಆಮೇಲೆ ಗುರುತು ಹಿಡಿದು, ಓ, ಬೆಂಚಿನ ಮ್ಯಾಲೆ ನರಳೋನು ಎಂದರು.

ಕಾಗದ ತೋರಿಸಿದೆ. ನಿಂತೇ ಓದಿದರು. ಓದಿ ಮುಗಿಸಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಂದೂ ಸರ್ಟಿಫಿಕೇಟ್ ಕಳಿಸಿದ್ದೆನಲ್ಲ. ಅದನ್ನೇನ್ ಮಾಡ್ದಿ?"

ನಾನು ಲಕೋಟೆಯ ಹೆಣ್ಣುಮಗಳ ಹೆಸರು ಹೇಳಿ, ಅದು... ಎಂದು ಶುರುಮಾಡಿದೆ. ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಆ ಹೆಸರು ಬಾಯಿಂದ ಹೊರಬಂದಾಗ ಅವರ ಮುಖದಲ್ಲಿ ಆದ ಬದಲಾವಣೆ ನೋಡಿದ ಮೇಲೆ ನನಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕರೆಯುವವರಿಲ್ಲದೆ ಎಷ್ಟೋ ವರ್ಷ ಕಳೆದ ಹೆಸರಿಗೆ ಒಬ್ಬರು ಹೂಂಗುಟ್ಟುವ ಮುಖ ಅದು.

"ಮೂರೂ ಊರು ತಿರುಗಿ ಬಂದಿಯಂತ. ಒಬ್ಬರನ್ನಾರ ಕೇಳಬಾರದೇನು?"

"ಕೇಳಿದ್ನಿರೀ ಅಮ್ಮಾರ," ಎಂದೆ, ರಾಟಿಯಂಥ ನನ್ನ ಸ್ವಂತ ಧ್ವನಿಯಲ್ಲಿ. "ಯಾರಿಗೂ ಗೊತ್ತಿಲ್ರಿ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಬಸುರಿಯನ್ನು ತೋರಿಸಿದರು. ಜಿನ್ನಿಂಗ್ ಗಿರಣಿಯ ಹಮಾಲನ ಹೆಂಡತಿ, ದಿನ ತುಂಬಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಕಾರ್ಡು ಹಿಡಿದಿದ್ದಳು. ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಹೇಳಿದ್ದರ ಸಾರ ಇದು: ಕಾರ್ಡು ಇರಲಿ ಇಲ್ಲದಿರಲಿ ತಾವಂತೂ ಹೆರಿಗೆ ಮಾಡಿಸುತ್ತಾರೆ. ಆದರೆ ಕಾರ್ಡು ನಡೆಯುವುದಿಲ್ಲ ಎಂದು ಗೊತ್ತಾದರೆ ಇವರು ಬರುವುದಿಲ್ಲ. ಪುಕ್ಕಟೆ ಮಾಡಿಸಿಕೊಳ್ಳಲು ಇವರಿಗೆ ಸಂಕೋಚ, ಸರ್ಕಾರಿ ದವಾಖಾನೆ ದೂರ. ಮನೆಯಲ್ಲೇ ಹೆರುತ್ತಾರೆ. ಇವಳ ಮೊದಲನೆಯ ಕೂಸು ಹಾಗೆಯೇ ಮನೆಯಲ್ಲಿ ಹುಟ್ಟಿ, ಉಳಿಯಲಿಲ್ಲ. ಇವಳು ಈ ಕಟ್ಟೆ ಹತ್ತಲು ನಾಲ್ಕು ಸಲ ತಾವೇ ಇವಳ ಮನೆಗೆ ಹೋಗಿ ಕರೆಯಬೇಕಾಯಿತು.

"ನಂಬರ್ ಜಲ್ದಿ ಬಿಡಿಸ್ರಿ," ಎಂದರು. ಬಾಗಿಲ ಕಡೆ ತಿರುಗುತ್ತ, "ಈ ಸಲ ನಂದು ಬ್ಯಾರೆ ಬೇಕು" ಎಂದು ಸೇರಿಸಿ ಒಳಗೆ ಹೋದರು.

ಬಸ್ಸಿನಲ್ಲಿ ಬರುವಾಗ ಯಾರ ಧ್ವನಿಯನ್ನೂ ತೆಗೆಯಬೇಕೆನಿಸಲಿಲ್ಲ. ಮನೆಗೆ ಬಂದು ಅವ್ವನಿಗೆ, ನೀ ಈ ಕಡೆಯವಳಲ್ಲ ಅಂದಿದ್ದಿಯಲ್ಲ, ಆಕೆ ನಿನ್ನ ಮಗಳ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಎಂದೆ. ಅವ್ವ, ನನಗೂ ತವರಲ್ಲಿ ಬೇರೆ ಹೆಸರಿತ್ತು, ನೀ ಯಾವತ್ತಾದರೂ ಕೇಳಿದ್ದೀಯೇನು ಎಂದಳು. ಕೇಳಿರಲಿಲ್ಲ. ಅವತ್ತು ಕೇಳಿ ತಿಳಿದುಕೊಂಡೆ.

ಮುಂದಿನ ವಾರ ಫೋನು ಮಾಡಿದ್ದ ಆ ಅಧಿಕಾರಿಗಳೇ ಸಿಂಧನೂರಿಗೆ ಬಂದರು. ಸಣಕಲು ಮನುಷ್ಯ, ಬಗಲಲ್ಲಿ ರೆಕ್ಸಿನ್ ಚೀಲ, ಮಾತಿಗಿಂತ ಕಾಗದದ ಮೇಲೆ ನಂಬಿಕೆ ಹೆಚ್ಚು. ನಮ್ಮ ಆಫೀಸಿನಲ್ಲಿ ಐದು ಕುರ್ಚಿ ಹಾಕಿದೆವು. ಅಧಿಕಾರಿಗಳು, ಮ್ಯಾನೇಜರು, ಡಾಕ್ಟರು, ಮಸ್ಕಿಯಿಂದ ಬಸ್ಸಿಗೆ ಬಂದ ಡಾಕ್ಟರಮ್ಮ, ಮತ್ತು ಅಪರಾಧಿಯಾದ ನಾನು. ಮೊದಲು ಫೋನಿನ ವಿಷಯ ಬಂತು. ಮೋಟರ್ ಸೈಕಲ್ಲಿನ ಮಾತು ನೀವೇ ಹೇಳಿದ್ದಲ್ಲವೇ ಎಂದು ಅಧಿಕಾರಿಗಳು ಮ್ಯಾನೇಜರನ್ನು ಕೇಳಿದರು. ಮ್ಯಾನೇಜರು ದೇವರಾಣೆ ಇಲ್ಲವೆಂದರು. ಧ್ವನಿ ನಿಮ್ಮದೇ ಇತ್ತು ಎಂದರು ಅಧಿಕಾರಿಗಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ನಾನು ಎದ್ದು ನಿಂತು, ಆ ಧ್ವನಿ ನನ್ನದು ಎಂದೆ. ಅವರು ನಂಬಲಿಲ್ಲ. ಹಾಗಿದ್ದರೆ ಈಗ ಮಾತಾಡಿ ತೋರಿಸು ಎಂದರು. ನಾಲಗೆಯನ್ನು ಎಡದವಡೆಗೆ ಒತ್ತಿ, ಮ್ಯಾನೇಜರ ಎದುರಿಗೇ ಮ್ಯಾನೇಜರಾಗಿ, ಆ ಎರಡು ಸಾಲು ಒಪ್ಪಿಸಿದೆ. ಮ್ಯಾನೇಜರು ತಮ್ಮ ಚಹಾದ ಕಪ್ಪಿನೊಳಗೆ ನೋಡುತ್ತ, ನಾನು ಹಿಂಗ ಮಾತಾಡ್ತೀನಾ ಎಂದು ಮೆಲ್ಲಗೆ ಕೇಳಿದರು. ಯಾರೂ ಇಲ್ಲ ಎನ್ನಲಿಲ್ಲ. ನನ್ನ ಹೆಸರಿಗೆ ಒಂದು ನೋಟೀಸು ಬರೆಯಲು ತೀರ್ಮಾನವಾಯಿತು. ಅದು ನ್ಯಾಯವಾದದ್ದೇ.

ಆಮೇಲೆ ಅಸಲು ವಿಷಯಕ್ಕೆ ಬಂದರು. ಸುಳ್ಳು ಬಿಲ್ಲಲ್ಲ, ಇಬ್ಬರ ಕೆಲಸ ಒಂದು ನಂಬರಿನಲ್ಲಿ ಬಂದಿದೆ ಎಂಬುದು ಅಧಿಕಾರಿಗಳಿಗೆ ಬೇಗ ಮನವರಿಕೆಯಾಯಿತು. ತೊಡಕು ಇನ್ನೊಂದಿತ್ತು. ಪಟ್ಟಿ ಮುಗಿದು ಮಂಜೂರಾಗಿತ್ತು. ಹೊಸದಾಗಿ ಒಬ್ಬರನ್ನು ಸೇರಿಸಬೇಕೆಂದರೆ ಮೊದಲಿನಿಂದ ಫಾರಂ, ತವರಿನ ಹೆಸರಿಗೂ ಈಗಿನ ಹೆಸರಿಗೂ ಸಂಬಂಧ ತೋರಿಸುವ ಪತ್ರ, ಕಮಿಟಿಯ ಒಪ್ಪಿಗೆ. ಬಹಳ ಕೆಲಸ. ಅದರ ಬದಲು, ಡಾಕ್ಟರು ಮಸ್ಕಿಯ ಹೆರಿಗೆಗಳೆಲ್ಲ ತಮ್ಮ ಕೈಕೆಳಗೆ ನಡೆಯುತ್ತವೆ ಎಂದು ಒಂದು ಕಾಗದ ಬರೆದುಕೊಟ್ಟರೆ ಇವತ್ತೇ ತಡೆ ತೆಗೆಯಬಹುದು ಎಂದರು.

ಡಾಕ್ಟರು ಒಪ್ಪಿದರು. ಕೆಟ್ಟ ಉದ್ದೇಶದಿಂದಲ್ಲ, ಬೇಗ ಮುಗಿದರೆ ಮಸ್ಕಿಯ ಹೆಂಗಸರಿಗೇ ಒಳ್ಳೆಯದು ಎಂದು ಅವರ ಎಣಿಕೆ. ಜೇಬಿನಿಂದ ಪೆನ್ನು ತೆಗೆದರು. ಮ್ಯಾನೇಜರು ತಲೆಯಾಡಿಸಿದರು. ನಾನೂ ಆಡಿಸಿದೆ, ಎಲ್ಲರಿಗಿಂತ ಜೋರಾಗಿ, ಏಕೆಂದರೆ ಕಮಿಟಿಯ ಮುಂದೆ ಫೈಲು ಹೋದರೆ ನನ್ನ 'ಇಂಥವರು ಯಾರೂ ಇಲ್ಲ' ಕೂಡ ಹೋಗುತ್ತಿತ್ತು. ಮಸ್ಕಿಯ ದವಾಖಾನೆ ಕಟ್ಟಿದಾಗಿನಿಂದ ಡಾಕ್ಟರು ಹೆರಿಗೆ ಕೋಣೆಯ ಹೊಸ್ತಿಲು ದಾಟಿದವರಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆವು.

ಡಾಕ್ಟರಮ್ಮ ಅಲ್ಲಿಯವರೆಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಗಂಡ ಬರೆಯಲು ಶುರುಮಾಡಿದ ಮೇಲೆ ಬಾಯಿ ತೆರೆದರು.

"ಆ ಕಾಗದದಾಗ ನನ್ನ ಹೆಸರು ಎಲ್ಲಿ ಬರ್ತೈತ್ರಿ?"

ಅಧಿಕಾರಿಗಳು ಮೃದುವಾಗಿಯೇ ಉತ್ತರಿಸಿದರು. "ಹೆಸರು ಯಾಕ ಬೇಕ್ರಿ ಅಮ್ಮಾರ. ಇಷ್ಟ್ ವರ್ಷ ನಡದದ್ದು ಹಂಗ ನಡೀಲಿ ಬಿಡ್ರಿ. ನಂಬರ್ ಯಾರ ಹೆಸರಿಗಿದ್ರೇನು, ಮನಿ ಒಂದೇ ಅಲ್ಲೇನ್ರಿ?"

ಆ ಮಾತಿಗೆ ಡಾಕ್ಟರಮ್ಮ ದನಿ ಏರಿಸಲಿಲ್ಲ. ಸೆರಗು ಸರಿಮಾಡಿಕೊಂಡು, ಬಸ್ಸಿನ ಹೊತ್ತು ನೋಡಲು ಗೋಡೆಯ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ, ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟರು. ಅದನ್ನು ಕೇಳಿ ಮೊದಲು ಪೆನ್ನಿನ ಮುಚ್ಚಳ ಹಾಕಿದವರು ಅವರ ಗಂಡ. ಬರೆದಷ್ಟನ್ನು ಮಡಚಿ ಜೇಬಿಗೆ ಸೇರಿಸಿದರು. ಅಧಿಕಾರಿಗಳು ರೆಕ್ಸಿನ್ ಚೀಲದಿಂದ ಹೊಸ ಫಾರಂ ತೆಗೆದು, ಕಮಿಟಿಯ ಒಪ್ಪಿಗೆ ಬರುವವರೆಗೆ ಕಾರ್ಡು ನಡೆಯಲಿ ಎಂದು ಅದರ ಮೇಲೇ ಬರೆದು, ನನ್ನ ಕಡೆ ನೂಕಿ, ಸರ್ಟಿಫಿಕೇಟಿನಲ್ಲಿದ್ದ ಹೆಸರನ್ನೇ ತುಂಬು ಎಂದರು. ತುಂಬಿದೆ. ಆ ಹೊತ್ತಿನಿಂದ ಈವರೆಗೆ ಎಷ್ಟೋ ಜನರ ಧ್ವನಿ ತೆಗೆದಿದ್ದೇನೆ, ಆದರೆ ಅವತ್ತಿನ ಆ ಮಾತನ್ನು ಅವರ ಧ್ವನಿಯಲ್ಲಿ ಹೇಳುವ ಧೈರ್ಯ ಒಮ್ಮೆಯೂ ಬಂದಿಲ್ಲ. ಹೇಳಿದ್ದು ಇಷ್ಟು:

"ಹಂಗಾದ್ರ ಇವತ್ತಿಂದ ಬ್ಯಾನಿ ತಿನ್ನೋ ಹೆಣ್ಮಕ್ಕಳನ್ನೆಲ್ಲ ಆ ನಂಬರಿನವರ ಕಡೀಗೇ ಕಳಸ್ರಿ, ಹೆರಿಗಿನೂ ಅವರೇ ಮಾಡಸ್ತಾರ."